ಭರುಕಚ್ಛದ ದಾರಿದೋರುವ ದೋಣಿಗಳು

ಪರದೇಶದ ಹಡಗನ್ನು ಕಡಲಲ್ಲಿಯೇ ಎದುರ್ಗೊಂಡು, ಒಳದಾರಿಯನ್ನು ಬಲ್ಲವರಿಂದ ಬಂದರಕ್ಕೆ ಮುಟ್ಟಿಸುವ ಪೈಲಟ್ ದೋಣಿಯ ಏರ್ಪಾಡು ಐರೋಪ್ಯರಿಂದ ನಮಗೆ ಬಂದುದೆಂದು ಭಾವಿಸುವುದುಂಟು. ಇದು ಸರಿಯಲ್ಲವೆಂಬುದಕ್ಕೆ ಗ್ರೀಕ್ ಗ್ರಂಥವೊಂದು ಸಾಕ್ಷಿಯಾಗಿದೆ.

ಕ್ರಿ. ಶ. 1ನೆಯ ಶತಮಾನದ ನಡುವಿನಲ್ಲಿ ಹುಟ್ಟಿದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಎಂಬ ಆ ಗ್ರಂಥದ 43ರಿಂದ 46ರ ವರೆಗಿನ ಪ್ರಕರಣಗಳು ಬಾರಿಗಜವನ್ನು, ಎಂದರೆ ನರ್ಮದಾತೀರದ ಭರುಕಚ್ಛವನ್ನು, ವರ್ಣಿಸುತ್ತವೆ. ಕೊಲ್ಲಿಯ ಬಾಯಿ ಇಕ್ಕಟ್ಟು. ಬಲಕ್ಕೆ ಹೆರೋನೆ ಎಂಬ ಕಲ್ಲುದಿಬ್ಬ. ಎಡಕ್ಕೆ ಪಾಪಿಕೆ ಎಂಬ ಭೂಶಿರ, ಅಲ್ಲಿ ಲಂಗರು ಇಳಿಬಿಟ್ಟರೆ ತಳದ ಬಂಡೆಗಳು ಹಗ್ಗವನ್ನೇ ಕತ್ತರಿಸುವುವು. ಕರೆ ತೀರ ತಗ್ಗಾದುದರಿಂದ ನದೀಮುಖವು ಕಣ್ಣಿಗೆ ಬೀಳುವುದೇ ಕಷ್ಟ. ಅಮಾವಾಸ್ಯೆಯ ಭರತದಲ್ಲಂತೂ ನೀರು ಭೋರ್ಗರೆದು ನುಗ್ಗಿ ಹಡಗುಗಳನ್ನು ಮಗುಚುವುದು. ಗ್ರಂಥಕರ್ತನ ಹೆಸರು ತಿಳಿಯದು. ಆದರೆ ಈ ಭಯವನ್ನು ಕಣ್ಣಾರೆ ಕಾಣದವನು ಹೀಗೆ ಬರೆಯಲಾರನು.

ಆದಕಾರಣ ಅರಸನ ಊಳಿಗದಲ್ಲಿದ್ದ ಬೆಸ್ತರು 'ತ್ರಪ್ಪಗ', 'ಕೋಟಿಂಬ' ಎಂಬ ನೀಳವಾದ ದೋಣಿಗಳಲ್ಲಿ ಸುರಾಷ್ಟ್ರದ ಕರೆಯ ವರೆಗೂ ಹೋಗಿ ಹಡಗುಗಳನ್ನು ಕಾಣುತ್ತಿದ್ದರು. ದಿಬ್ಬಗಳ ನಡುವೆ ದಾರಿ ಬಿಡಿಸಿ, ಹಗ್ಗ ಕಟ್ಟಿ ಎಳೆಯುತ್ತಿದ್ದರು. ಭರತ ಮೊದಲಾದೊಡನೆ ಹೊರಟು, ಇಳಿತದ ಹೊತ್ತಿನಲ್ಲಿ ನದಿಯ ಆಳವಾದ ಮಡುಗಳಲ್ಲಿ ತಂಗುತ್ತ, 300 ಸ್ಟೇಡಿಯಂ, ಎಂದರೆ ಸುಮಾರು 55 ಕಿಲೋಮೀಟರು, ಮೇಲಕ್ಕೆ ಸಾಗುವುದು ಅವರ ಕ್ರಮ. ಆ ಅರಸನನ್ನು ಗ್ರಂಥವು ಮಂಬನೋಸ್ ಎನ್ನುತ್ತದೆ. ಕ್ಷಹರಾತವಂಶದ ನಹಪಾನನೇ ಅವನೆಂಬುದು ಬಹುಮಂದಿ ವಿದ್ವಾಂಸರ ಮತ.

ಕಲ್ಯಾಣಕ್ಕೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರುಕಚ್ಛಕ್ಕೆ ಒಯ್ಯುತ್ತಿದ್ದರೆಂದು 52ನೆಯ ಪ್ರಕರಣ ಹೇಳುವುದರಿಂದ, ಈ ದೋಣಿಗಳೂ ವ್ಯಾಪಾರವನ್ನು ಬಲಾತ್ಕಾರದಿಂದ ಸೆಳೆಯುವ ಉಪಾಯವಾಗಿದ್ದುವೆಂದು ಊಹಿಸಲು ಆಸ್ಪದವುಂಟು. ನಮಗೆ ಇದು ಒಪ್ಪಿಗೆಯಾಗದು. ಗ್ರಂಥಕರ್ತನು ಕೊಡುವ ಕಾರಣ ನದಿಯದು, ಅರಸನದಲ್ಲ. ಕಾವಲಿನ ಸಂಗತಿಯನ್ನು ಮುಚ್ಚಿಡದೆ ಬರೆದವನು ಇಲ್ಲಿ ಮಾತ್ರ ಅದನ್ನು ಮರೆಮಾಡಿದನೆನ್ನಲು ಆಧಾರವಿಲ್ಲ.

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾವಧ್ಯಕ್ಷ ಪ್ರಕರಣದಲ್ಲಿ, ಗಾಳಿಗೆ ಸಿಕ್ಕಿ ನೊಂದ ಹಡಗನ್ನು ತಂದೆಯಂತೆ ಕಾಯಬೇಕೆಂಬ ವಿಧಿಯಿದೆ. ಮಹಾನದಿಗಳ ದೊಡ್ಡ ದೋಣಿಗಳಿಗೆ ನಿಯಾಮಕನೂ ಉಂಟು. ಎದುರ್ಗೊಳ್ಳುವ ದೋಣಿಗಳ ಮಾತು ಅಲ್ಲಿಲ್ಲ. ಹೀಗಾಗಿ ಪೆರಿಪ್ಲಸಿನ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ಆ ಎರಡು ಹೆಸರುಗಳೂ ಗ್ರೀಕನ ಕಲ್ಪನೆಯಲ್ಲ. 1957ರಲ್ಲಿ ಅಚ್ಚಾದ 'ಅಂಗವಿಜ್ಜಾ' ಎಂಬ ಜೈನ ಪ್ರಾಕೃತ ಗ್ರಂಥದ ನೌಕೆಗಳ ಪಟ್ಟಿಯಲ್ಲಿ 'ಕೊಟ್ಟಿಂಬ', 'ತಪ್ಪಕ' ಎಂಬ ಶಬ್ದಗಳಿರುವುದನ್ನು ಡಾ. ಮೋತಿಚಂದ್ರರು ತೋರಿಸಿದ್ದಾರೆ. ಬೆಸ್ತರು ಆಡಿದುದನ್ನು ಆ ವರ್ತಕನು ಕಿವಿಗೊಟ್ಟು ಕೇಳಿ, ಬಹುಮಟ್ಟಿಗೆ ಇದ್ದಂತೆಯೇ ಬರೆದುಕೊಂಡಿದ್ದನು.