ಕಡತದಿಂದ ಕಥನಕ್ಕೆ: ಮಾರ್ಕ್ ವಿಲ್ಕ್ಸನ ಇತಿಹಾಸವೂ ಮಲೆನಾಡೂ

ಮೈಸೂರಿನ ಚರಿತ್ರೆ ಬರೆದವರು ಮಾರ್ಕ್ ವಿಲ್ಕ್ಸನನ್ನು ದಾಟಿ ಹೋಗಿಲ್ಲ. ಬಿ. ಎಲ್. ರೈಸ್ ಅವನನ್ನು ಆಧರಿಸಿದ. ಹಯವದನರಾಯರು ಅವನೊಂದಿಗೆ ವಾದಕ್ಕಿಳಿದರು. ಮಲ್ಲಂದೂರು, ಮೂಡಿಗೆರೆಯ ಕಾಫಿ ಸೀಮೆಯಿಂದ ಓದುವವರಿಗೆ ಮಾತ್ರ ಬೇರೊಂದು ಪ್ರಶ್ನೆ ಏಳುತ್ತದೆ: ದಂಡಿನವನು ಬರೆದ ಚರಿತ್ರೆಯಲ್ಲಿ ಮಲೆಯವರಿಗೆ ಎಷ್ಟು ಜಾಗ?

1782ರ ಹೊತ್ತಿಗೆ ಮದ್ರಾಸ್ ಸೇನೆ ಸೇರಿದ ವಿಲ್ಕ್ಸ್ ಕತ್ತಿಗಿಂತ ಹೆಚ್ಚಾಗಿ ಲೇಖನಿ ಹಿಡಿದವನು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಕರ್ನಲ್ ಸ್ಟುವರ್ಟನ ಸಹಾಯಕ, ಆಮೇಲೆ ಗವರ್ನರನ ಕಾರ್ಯದರ್ಶಿ. ಶ್ರೀರಂಗಪಟ್ಟಣ ಬಿದ್ದಾಗ ರಜೆಯಲ್ಲಿದ್ದ. 1803ರಿಂದ 1808ರವರೆಗೆ ಮೈಸೂರಿನ ರೆಸಿಡೆಂಟನಾಗಿದ್ದದ್ದೇ ಅವನನ್ನು ಇತಿಹಾಸಕಾರನನ್ನಾಗಿಸಿತು. ದಿವಾನ್ ಪೂರ್ಣಯ್ಯ ಇನ್ನೂ ಅಧಿಕಾರದಲ್ಲಿದ್ದ ಕಾಲ; ಹೈದರ್, ಟಿಪ್ಪು ಇಬ್ಬರನ್ನೂ ಕಂಡವರು ಬದುಕಿದ್ದರು. ಅವನ ಮೈಸೂರು ಇತಿಹಾಸದ ಮೊದಲ ಸಂಪುಟ 1810ರಲ್ಲಿ, ಉಳಿದೆರಡು 1817ರಲ್ಲಿ ಹೊರಬಂದವು. ನಡುವೆ ಸೇಂಟ್ ಹೆಲೆನಾದ ಗವರ್ನರನಾಗಿ ಸೆರೆಯಾಳು ನೆಪೋಲಿಯನ್ನನನ್ನು ಬರಮಾಡಿಕೊಂಡದ್ದೂ ಇವನೇ.

ಅವನ ನಿಜವಾದ ಹಿರಿಮೆ ಆಕರಗಳ ಬಗೆಗಿನ ಕುತೂಹಲ. ಕನ್ನಡ ಲೆಕ್ಕಿಗರ ಕಡತವನ್ನು ಕೈಯಲ್ಲಿ ಹಿಡಿದು ನೋಡಿದವನಂತೆ ವರ್ಣಿಸುತ್ತಾನೆ: ಇದ್ದಿಲಪುಡಿ ಕಲಸಿದ ಅಂಟನ್ನು ಎರಡೂ ಬದಿಗೆ ಬಳಿದ ಬಟ್ಟೆ, ಅದರ ಮೇಲೆ ಬಳಪದ ಬರಹ, ಬೇಡವೆಂದರೆ ಒರೆಸಿ ಮತ್ತೆ ಬರೆಯಬಹುದು, ಹಿಂದುಮುಂದಾಗಿ ಮಡಚಿಡಬಹುದು. ಆದರೆ ಆ ಕಡತಗಳು ಅವನ ಮುಂದೆ ಬಿಚ್ಚಿಕೊಂಡದ್ದು ಗೆದ್ದ ಪಕ್ಷದ ಪ್ರತಿನಿಧಿ ಎಂಬ ಕಾರಣಕ್ಕೆ. ಟಿಪ್ಪುವಿನ ಬಗ್ಗೆ ಅವನ ಕಹಿಯನ್ನು ಓದುವಾಗ ಇದನ್ನು ಮರೆಯಲಾಗದು.

ಮಲೆನಾಡು ಅವನ ಪುಟಗಳಲ್ಲಿ ದೊಡ್ಡದಾಗಿ ಕಾಣಿಸುವುದು 1763ರಲ್ಲಿ ಹೈದರ್ ಬಿದನೂರನ್ನು ಹಿಡಿದಾಗ. ಅಲ್ಲಿನ ಕೊಳ್ಳೆಯನ್ನು ವಿಲ್ಕ್ಸ್ 1 ಕೋಟಿ 20 ಲಕ್ಷ ಪೌಂಡ್ ಎಂದು ಅಂದಾಜಿಸಿದ. ಉತ್ಪ್ರೇಕ್ಷೆಯಿಲ್ಲವೆಂಬ ಅವನ ಭರವಸೆಯನ್ನು ನಾನಂತೂ ನಂಬಲಾರೆ.

ಕಥನ 1799ಕ್ಕೆ ಮುಗಿಯುತ್ತದೆ. ಮೂಡಿಗೆರೆಯ ಆಚೆಗಿನ ಬಲಂ ಸೀಮೆಯಲ್ಲಿ ಆಮೇಲೆ ದಂಗೆಯೆದ್ದ ಕೃಷ್ಣಪ್ಪನಾಯಕ ಇದರಿಂದ ಹೊರಗುಳಿದ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಕಾಡಿನ ನಡುವಿನ ಅರೆಕೆರೆಯ ಕೋಟೆಯನ್ನು ಮುತ್ತಿದ. ಮರುತಿಂಗಳು ನಾಯಕನನ್ನು ಹಿಡಿದು ಗಲ್ಲಿಗೇರಿಸಲಾಯಿತು. ವಿಲ್ಕ್ಸ್ ರೆಸಿಡೆನ್ಸಿಗೆ ಬಂದದ್ದು ಅದರ ಮರುವರ್ಷ. ಟಿಪ್ಪುವಿನ ನಂತರ ಮೈಸೂರು ರಾಜವಂಶದ ಪುನಃಸ್ಥಾಪನೆಯೊಂದಿಗೆ ನಾಡು ನೆಮ್ಮದಿ ಕಂಡಿತೆಂಬ ಚೌಕಟ್ಟಿಗೆ ಬಲಂ ಹೊಂದುವುದಿಲ್ಲ. ಈ ದಂಗೆಯನ್ನು ಅರಿಯಲು ಅವನ ಮೂರು ಸಂಪುಟಗಳಿಗಿಂತ ವೆಲ್ಲೆಸ್ಲಿಯ ಪತ್ರಗಳೇ ಹೆಚ್ಚು ಉಪಯುಕ್ತ. ಅವೂ ಕೊಂದವರ ಕಡೆಯವೇ.