ಊರು ಬಿಟ್ಟವರ ಅನ್ನ

ಅಲಕಾಪುರಿಯೆಂದರೆ ಪುರಾಣದಲ್ಲಿ ಕುಬೇರನ ರಾಜಧಾನಿ. ವಡೋದರೆಯ ನಮ್ಮ ಆಲ್ಕಾಪುರಿಗೂ ಅದೇ ಹೆಸರು. ಉದ್ಯೋಗವನ್ನರಸಿ ಇಲ್ಲಿ ನೆಲೆಸಿದ ನಮ್ಮಲ್ಲಿ ಹೆಚ್ಚಿನವರನ್ನು ಅನ್ನದ ಚಿಂತೆ ಕಾಡಿಲ್ಲ. ಆದರೆ ವಲಸೆಗೂ ಹಸಿವಿಗೂ ಇರುವ ನಂಟು ಈ ನೆಲದಲ್ಲೂ ನಮ್ಮ ತವರಿನಲ್ಲೂ ಬಹಳ ಹಳೆಯದು.

1876–78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮವನ್ನು ಮೈಸೂರು ಸೀಮೆ ಬಹುಕಾಲ ಮರೆಯಲಿಲ್ಲ. ಹಳ್ಳಿಗಳ ಜನ ಗಂಜಿಗಾಗಿ ಬೆಂಗಳೂರಿನತ್ತ ನಡೆದರು. 1871ರಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಗುಜರಾತಿನಲ್ಲಿ 1899–1900ರ ಬರಕ್ಕೆ 'ಛಪ್ಪನಿಯೊ' ಎಂದು ಹೆಸರು. ಅದು ವಿಕ್ರಮ ಸಂವತ್ 1956ರ ಬರ. ಮೂರನೆಯ ಸಯಾಜಿರಾವ್ ಗಾಯಕವಾಡರ ಬರೋಡಾ ಸಂಸ್ಥಾನದಲ್ಲಿ 1891ರಲ್ಲಿ ಸುಮಾರು 24 ಲಕ್ಷ ಜನರಿದ್ದರು. 1901ರ ಗಣತಿಗೆ ಸಿಕ್ಕವರು ಸುಮಾರು 19.5 ಲಕ್ಷ.

ಎರಡೂ ಕಡೆ ರೈಲು ಆಗಲೇ ಬಂದಿತ್ತು. ಧಾನ್ಯ ತರಿಸಬಹುದಿತ್ತು, ಏರಿದ ಬೆಲೆಗೆ ಕೊಳ್ಳುವ ಶಕ್ತಿ ಬಡವನಿಗಿರಲಿಲ್ಲ. ಜನ ಸತ್ತು, ಚದುರಿಹೋದ ಮೇಲೆ ಮಳೆ ಬಂದರೂ ಉಳುವ ಕೈಗಳು ಸಾಲದಾದವು. ಆದ್ದರಿಂದಲೇ 1880ರ ಕ್ಷಾಮ ಆಯೋಗದ ವರದಿಯ ಬೆನ್ನಿಗೆ ಬಂದ ಕ್ಷಾಮ ಸಂಹಿತೆ, ಜನ ಅಲೆಯತೊಡಗುವ ಮೊದಲೇ ಕೂಲಿ ಕೆಲಸ ತೆರೆಯಬೇಕು, ಕೈಲಾಗದವರಿಗೆ ಅನ್ನ ಕೊಡಬೇಕು ಎಂದು ವಿಧಿಸಿತು.

ಸ್ವತಂತ್ರ ಭಾರತದಲ್ಲಿ ಪಡಿತರ ಚೀಟಿ ವ್ಯಾಪಕವಾಯಿತು. 2013ರ ಆಹಾರ ಭದ್ರತಾ ಕಾಯಿದೆ, ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೊ ಧಾನ್ಯವನ್ನು ಹಕ್ಕಾಗಿಸಿತು. ಆದರೆ ಚೀಟಿ ಊರಿನ ನ್ಯಾಯಬೆಲೆ ಅಂಗಡಿಗೇ ಅಂಟಿಕೊಂಡಿತ್ತು. ರಾಯಚೂರು, ಯಾದಗಿರಿಯಿಂದ ಗುಳೆ ಹೊರಟವನ ಪಾಲು ಊರಲ್ಲೇ ಉಳಿಯುತ್ತಿತ್ತು. ಪರಸ್ಥಳದಲ್ಲಿ ಅವನು ಪೇಟೆಯ ಬೆಲೆ ತೆರಬೇಕಿತ್ತು. 2019ರ ಆಗಸ್ಟಿನಲ್ಲಿ ಗುಜರಾತ್–ಮಹಾರಾಷ್ಟ್ರಗಳ ನಡುವೆ ಈ ಗಂಟು ಸಡಿಲವಾಯಿತು. 2020ರ ಜನವರಿಯಲ್ಲಿ ಕರ್ನಾಟಕವೂ ಸೇರಿತು. ಆದರೂ ಅದೇ ವರ್ಷದ ಲಾಕ್‌ಡೌನಿನಲ್ಲಿ ಸೂರತ್ತಿನ ವಲಸೆ ಕಾರ್ಮಿಕರು ಊರಿಗೆ ಕಳಿಸಿರೆಂದು ಬೀದಿಗಿಳಿದದ್ದನ್ನು ನಾವೆಲ್ಲ ಕಂಡೆವು. 2022ರ ಜೂನ್ ಹೊತ್ತಿಗೆ ಈ ಏರ್ಪಾಡು ದೇಶವನ್ನೆಲ್ಲ ವ್ಯಾಪಿಸಿತು.

ಕೊರತೆ ಇನ್ನೂ ಇದೆ. ಹೊರನಾಡಿನಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ. ತವರು ರಾಜ್ಯ ಸೇರಿಸಿ ಕೊಡುವ ಧಾನ್ಯ ಗಡಿ ದಾಟುವುದಿಲ್ಲ. ಒಂದೇ ಚೀಟಿಯ ಮೇಲೆ ದುಡಿಯುವವನು ಇಲ್ಲಿ ಸ್ವಲ್ಪ, ಮನೆಯವರು ಊರಲ್ಲಿ ಉಳಿದದ್ದು ಪಡೆಯಬಹುದೆಂಬುದು ಎಷ್ಟೋ ಕೂಲಿಕಾರರಿಗೆ ತಿಳಿಯದು. ನಮ್ಮ ಕಟ್ಟಡಗಳಲ್ಲಿ, ಮನೆಗಳಲ್ಲಿ ದುಡಿಯುವವರಿಗೆ ಇಷ್ಟನ್ನು ತಿಳಿಸಿ, ಬೇಕಾದರೆ ಅಂಗಡಿಯವರೆಗೆ ಜೊತೆಗೆ ಹೋಗುವುದು ಸಂಘದ ಸದಸ್ಯರಾದ ನಮಗೆ ಕಷ್ಟವಲ್ಲ. ನಾವೂ ಊರು ಬಿಟ್ಟು ಬಂದವರೇ ಅಲ್ಲವೆ?