ಶೇ. 300ರಷ್ಟು ‘ಇಳಿಕೆ’: ಶಸ್ತ್ರಚಿಕಿತ್ಸಾ ಬಟ್ಟೆಗಳ ಲೆಕ್ಕದಲ್ಲೊಂದು ತಪ್ಪು ಓದು

ಒಗೆದು ಮತ್ತೆ ಬಳಸುವ ಶಸ್ತ್ರಚಿಕಿತ್ಸಾ ಗೌನು, ಹೊದಿಕೆಗಳ ಪರವಾಗಿ ಬರೆಯುವವರ ಮುಖ್ಯ ಆಧಾರ, ಮೈಕೇಲ್ ಓವರ್‌ಕ್ಯಾಶ್ 2012ರಲ್ಲಿ ‘ಅನಸ್ತೇಷಿಯಾ ಅಂಡ್ ಅನಾಲ್ಜೀಷಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಸಮೀಕ್ಷೆ. ಮರುಬಳಕೆಯ ಅನುಕೂಲವನ್ನು ಅದರ ಸಾರಾಂಶ ಶಕ್ತಿಯಲ್ಲಿ ಶೇ. 200–300, ನೀರಿನಲ್ಲಿ ಶೇ. 250–330, ಇಂಗಾಲದ ಹೆಜ್ಜೆಗುರುತಿನಲ್ಲಿ ಶೇ. 200–300, ಘನತ್ಯಾಜ್ಯದಲ್ಲಿ ಶೇ. 750 ಎಂದು ಕೊಡುತ್ತದೆ. ಈ ಅಂಕಿಗಳನ್ನು ‘ಇಷ್ಟು ಇಳಿಕೆ’ ಎಂದು ಓದಿಕೊಂಡವರು ಹಾಗೆಯೇ ಮುಂದಕ್ಕೆ ದಾಟಿಸಿದ್ದಾರೆ. ಶೇ. 100ರಷ್ಟು ಇಳಿದರೆ ಉಳಿಯುವುದು ಸೊನ್ನೆ. ಅದರಾಚೆಗೆ ಇಳಿಯಲು ಏನೂ ಇರುವುದಿಲ್ಲ. ನ್ಯಾಯವಾದ ಪಕ್ಷವೊಂದನ್ನು ಇಂಥ ಗಣಿತದ ಮೇಲೆ ನಿಲ್ಲಿಸುವುದು ಆ ಪಕ್ಷಕ್ಕೇ ಮಾಡುವ ಅಪಚಾರ.

ಹಾಗಾದರೆ ಈ ಶೇಕಡಾವಾರಿನ ಬುಡ ಯಾವುದು? ಎರಡು ಓದುಗಳು ಸಾಧ್ಯ. ಎಸೆಯುವ ಬಟ್ಟೆಯ ಹೊರೆ ಮರುಬಳಕೆಯದರ ಎರಡರಿಂದ ಮೂರು ಪಟ್ಟು ಎನ್ನುವುದು ಒಂದು. ಆಗ ನಿಜವಾದ ಉಳಿತಾಯ ಶೇ. 50–67. ಮರುಬಳಕೆಯದಕ್ಕಿಂತ ಶೇ. 200–300ರಷ್ಟು ಹೆಚ್ಚು, ಅಂದರೆ ಮೂರರಿಂದ ನಾಲ್ಕು ಪಟ್ಟು ಎನ್ನುವುದು ಇನ್ನೊಂದು. ಆಗ ಉಳಿತಾಯ ಶೇ. 67–75. ಇವುಗಳಲ್ಲಿ ಯಾವುದು ಸರಿ ಎಂದು ತೂಗಲು ನೆರವಾಗುವುದು ವೊಝೋಲಾ, ಓವರ್‌ಕ್ಯಾಶ್, ಗ್ರಿಫಿಂಗ್ 2020ರಲ್ಲಿ ‘ಎಒಆರ್‌ಎನ್ ಜರ್ನಲ್’ನಲ್ಲಿ ಪ್ರಕಟಿಸಿದ ಶಸ್ತ್ರಚಿಕಿತ್ಸಾ ಗೌನಿನ ಜೀವನಚಕ್ರ ಲೆಕ್ಕ. ಅಲ್ಲಿ ಉಳಿತಾಯ ಶಕ್ತಿಯಲ್ಲಿ ಶೇ. 64, ಹಸಿರುಮನೆ ಅನಿಲಗಳಲ್ಲಿ ಶೇ. 66, ಘನತ್ಯಾಜ್ಯದಲ್ಲಿ ಶೇ. 84. ಎಷ್ಟು ಪಟ್ಟು ಎಂದು ತಿರುಗಿಸಿದರೆ ಸುಮಾರು 2.8, 2.9, 6.3. ಮೊದಲ ಎರಡೂ ಮೊದಲನೆಯ ಓದಿನ ಒಳಗೇ ಬೀಳುತ್ತವೆ. ತ್ಯಾಜ್ಯದ ಅಂಕಿಯೂ ಎರಡನೆಯ ಓದಿನ 8.5 ಪಟ್ಟಿಗಿಂತ ಮೊದಲನೆಯದರ 7.5 ಪಟ್ಟಿಗೇ ಹತ್ತಿರ. ನೀರಿನ ಅಂಕಿ (ಶೇ. 83) ಮಾತ್ರ ಎರಡರ ಹೊರಗೂ ನಿಲ್ಲುತ್ತದೆ. ಆದರೆ 2020ರ ಲೇಖನ ಅಳೆದದ್ದು ‘ನೀಲಿ ನೀರು’, ಅಂದರೆ ಮೂಲಕ್ಕೆ ಮರಳದೆ ವ್ಯಯವಾಗುವ ನೀರು. ಅದನ್ನು 2012ರ ನೀರಿನ ಅಂಕಿಯ ಪಕ್ಕದಲ್ಲಿಟ್ಟು ತೂಗುವುದು ಸಲ್ಲದು.

ಎರಡೂ ಲೇಖನಗಳಲ್ಲಿ ಓವರ್‌ಕ್ಯಾಶ್ ಇರುವುದರಿಂದ ಇದು ಸ್ವತಂತ್ರ ಸಾಕ್ಷ್ಯವಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ನಾನು ಇಲ್ಲಿ ತೋರಿಸುತ್ತಿರುವುದು ಆ ಅಂಕಿಗಳ ಅರ್ಥವನ್ನೇ ಹೊರತು ಅಂತಿಮ ಸತ್ಯವನ್ನಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇದೇ ಮೂವರ 2018ರ ಲೇಖನದಲ್ಲಿದೆ, ಉತ್ಸಾಹಿಗಳು ಅದನ್ನು ಬದಿಗಿಡುತ್ತಾರೆ. ಸೋಂಕು ಹರಡದಂತೆ ತೊಡುವ ತೆಳು ಐಸೊಲೇಷನ್ ಗೌನಿನಲ್ಲಿ ಉಳಿತಾಯ ಶಕ್ತಿಗೆ ಶೇ. 28, ಹಸಿರುಮನೆ ಅನಿಲಗಳಿಗೆ ಶೇ. 30 ಮಾತ್ರ. ಎಸೆಯುವ ಗೌನು ತೆಳುವಾಗಿದ್ದಷ್ಟೂ ಅದರ ತಯಾರಿಕೆಯ ಹೊರೆ ಕಡಿಮೆ. ಒಗೆದು ಒಣಗಿಸುವ ಖರ್ಚು ಮಾತ್ರ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆದ್ದರಿಂದ ‘ವೈದ್ಯಕೀಯ ಬಟ್ಟೆ’ ಎಂಬ ಇಡೀ ವರ್ಗಕ್ಕೆ ಒಂದೇ ಶೇಕಡಾವಾರು ಹೇಳುವುದು ತಪ್ಪು. ದಿಕ್ಕು ಎರಡರಲ್ಲೂ ಒಂದೇ, ಅಳತೆ ಬೇರೆ.

ಸೋಂಕಿನ ಭಯ ಮುಂದಿಟ್ಟು ಈ ಚರ್ಚೆಯನ್ನೇ ಮುಚ್ಚುವವರಿಗೂ ಆಧಾರ ಸಾಲದು. ಕ್ರಿಮಿಶುದ್ಧಗೊಳಿಸಿದ, ಎಸೆಯುವ ಮತ್ತು ಮರುಬಳಸುವ ಎರಡು ಬಗೆಯ ಬಟ್ಟೆಗಳಲ್ಲಿ ಯಾವುದನ್ನಾದರೂ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ, ಷರತ್ತುಬದ್ಧವಾಗಿಯಾದರೂ, ಹೇಳಿದೆ. ಇನ್ನು ನಮ್ಮ ಲೆಕ್ಕ. ಭಾರತದಲ್ಲಿ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ 2018ರ ತಿದ್ದುಪಡಿಯ ನಂತರ ಬಳಸಿ ಎಸೆದ ಮಾಸ್ಕು, ಗೌನುಗಳು ಸೇರುವುದು ಹಳದಿ ಚೀಲವನ್ನು, ಅಲ್ಲಿಂದ ಮುಖ್ಯವಾಗಿ ದಹನ ಕುಲುಮೆಯನ್ನು. ನಮ್ಮ ಲಾಂಡ್ರಿಗಳ ವಿದ್ಯುತ್ತಿನ ಹೆಚ್ಚಿನ ಪಾಲು ಕಲ್ಲಿದ್ದಲಿನದು. ಕುಲುಮೆ ಎಸೆಯುವ ಬಟ್ಟೆಯ ಹೊರೆಯನ್ನು ಏರಿಸಿದರೆ ಕಲ್ಲಿದ್ದಲು ಒಗೆಯುವ ಬಟ್ಟೆಯದನ್ನು ಏರಿಸುತ್ತದೆ. ಅಮೆರಿಕದ ಈ ಅಧ್ಯಯನಗಳ ಅಂಕಿಗಳನ್ನು, ಸರಿಯಾಗಿ ಓದಿಕೊಂಡ ಮೇಲೂ, ಇಲ್ಲಿಗೆ ಹಾಗೆಯೇ ತರಲಾಗದು. ಇಲ್ಲಿನ ಲಾಂಡ್ರಿ, ಕುಲುಮೆಗಳನ್ನು ಅಳೆದು, ಗೌನು ಗೌನಿಗೂ ಬೇರೆ ಲೆಕ್ಕ ಬರೆಯಬೇಕು.